ಟೊಪ್ಪಿಗೆಯಲ್ಲೊಂದು ಕಾಗದದ ಚೂರು

ಅಂತರ್ಯುದ್ಧಕ್ಕೆ ಉರ್ದುವಿನಲ್ಲಿ ‘ಖಾನಾಜಂಗಿ’ ಎನ್ನುತ್ತಾರೆ. ಖಾನಾ ಎಂದರೆ ಮನೆ. ಮನೆಯೊಳಗಿನ ಕಾಳಗ. ಕನ್ನಡದ ‘ಅಂತರ್ಯುದ್ಧ’ ಎಂಬ ಪದ ಕೇಳಿದಾಗ ನಮ್ಮ ಕಣ್ಣ ಮುಂದೆ ಒಂದು ದೇಶದ ನಕ್ಷೆ ಬರುತ್ತದೆ. ‘ಖಾನಾಜಂಗಿ’ ಎಂದಾಗ ಮಾತ್ರ ಒಂದು ಪಡಸಾಲೆ, ಒಂದೇ ತಾಯಿ ಬಡಿಸಿದ ತಟ್ಟೆಗಳು, ಅವುಗಳ ಮುಂದೆ ಕುಳಿತ ಅಣ್ಣತಮ್ಮಂದಿರು ಕಾಣುತ್ತಾರೆ. ಎರಡು ಭಾಷೆಗಳಲ್ಲಿ ಓದಿದ್ದರಿಂದ ನಮಗೆ ದಕ್ಕಿದ ಸಣ್ಣ ಲಾಭಗಳಲ್ಲಿ ಇದೂ ಒಂದು.

ಅಮೆರಿಕದ ಸ್ವಾತಂತ್ರ್ಯ ಹೋರಾಟವನ್ನು ನಾವೆಲ್ಲ ಶಾಲೆಯಲ್ಲಿ ಬ್ರಿಟಿಷರಿಗೂ ಅಮೆರಿಕನ್ನರಿಗೂ ನಡೆದ ಯುದ್ಧವೆಂದೇ ಓದಿದ್ದೇವೆ. ಆದರೆ ದಕ್ಷಿಣದ ಎರಡು ಕೆರೊಲಿನಾಗಳಲ್ಲಿ ಅದು ಅಪ್ಪಟ ಖಾನಾಜಂಗಿಯಾಗಿತ್ತು. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬಲ್ಲಿ ನಡೆದ ಕಾಳಗ ಇದಕ್ಕೆ ಸಾಕ್ಷಿ. ಹೆಸರಿಗೆ ಪರ್ವತ, ನಿಜಕ್ಕೆ ಸುತ್ತಲಿನ ನೆಲದಿಂದ ಅರುವತ್ತು ಅಡಿ ಮೇಲೆದ್ದ, ಕಾಡು ಕವಿದ ಒಂದು ದಿಣ್ಣೆ. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಶುರುವಾದ ಜಗಳ ಒಂದು ಗಂಟೆಯ ಚಿಲ್ಲರೆ ಹೊತ್ತಿನಲ್ಲಿ ಮುಗಿದುಹೋಯಿತು. ಮೇಲೆ ರಾಜನಿಗೆ ನಿಷ್ಠರಾದ ಸುಮಾರು ಸಾವಿರದ ಚಿಲ್ಲರೆ ಜನ, ಕೆಳಗಿನಿಂದ ಸುತ್ತುವರಿದು ಹತ್ತಿದವರು ಒಂಬೈನೂರರಷ್ಟು ದಂಗೆಕೋರರು. ಇಷ್ಟು ಜನರಲ್ಲಿ ಬ್ರಿಟನ್ನಿನಿಂದ ಬಂದ ಸೈನ್ಯಾಧಿಕಾರಿ ಬಹುಶಃ ಒಬ್ಬನೇ, ಮೇಜರ್ ಪ್ಯಾಟ್ರಿಕ್ ಫರ್ಗ್ಯುಸನ್ ಎಂಬ ಸ್ಕಾಟ್ಲೆಂಡಿನವನು. ಉಳಿದವರೆಲ್ಲ ಅದೇ ಮಣ್ಣಿನವರು.

ಅವರಲ್ಲಿ ಹೆಚ್ಚಿನವರಿಗೆ ಸಮವಸ್ತ್ರವಿರಲಿಲ್ಲ. ಮನೆಯಲ್ಲಿ ನೇಯ್ದ ಬಟ್ಟೆ, ಒಂದೇ ಭಾಷೆ, ಒಂದೇ ಮುಖಚಹರೆ. ಯಾರು ಯಾರೆಂದು ತಿಳಿಯುವುದು ಹೇಗೆ? ದಂಗೆಕೋರರು ತಮ್ಮ ಟೊಪ್ಪಿಗೆಯಲ್ಲಿ ಕಾಗದದ ಚೂರು ಸಿಕ್ಕಿಸಿಕೊಂಡರು. ರಾಜನಿಷ್ಠರು ಪೈನ್ ಮರದ ಎಲೆಯ ಗೊಂಚಲು ಸಿಕ್ಕಿಸಿಕೊಂಡರು. ಮನುಷ್ಯನೊಬ್ಬನನ್ನು ಕೊಲ್ಲಬೇಕೋ ಬೇಡವೋ ಎಂಬ ತೀರ್ಮಾನ ಒಂದು ಚೂರು ಕಾಗದದ ಮೇಲೆ ನಿಂತಿತ್ತು. ಲೋಗನ್ ಎಂಬ ಒಂದು ಮನೆತನದ ನಾಲ್ವರು ಸಹೋದರರಲ್ಲಿ ಇಬ್ಬರು ಕಾಗದದವರು, ಇಬ್ಬರು ಎಲೆಯವರು.

ಥಾಮಸ್ ಯಂಗ್ ಎಂಬ ಹದಿನಾರರ ಹುಡುಗನೂ ಆ ದಿಣ್ಣೆ ಹತ್ತಿದವರಲ್ಲಿದ್ದ. ಮುದುಕನಾದ ಮೇಲೆ ಆತ ತನ್ನ ನೆನಪುಗಳನ್ನು ಹೇಳಿಕೊಂಡಿದ್ದಾನೆ. ಕಾಗದ ಮತ್ತು ಎಲೆಗಳ ಸಂಗತಿ ನಮಗೆ ಗೊತ್ತಾಗುವುದು ಅವನಿಂದಲೇ. ಗುಂಡಿನ ಸುರಿಮಳೆಯ ನಡುವೆ ಎದುರು ಸಾಲಿನಿಂದ ಒಬ್ಬ ಓಡಿಬಂದು ಅವನನ್ನು ತಬ್ಬಿಕೊಂಡ. ನೋಡಿದರೆ ಅವನದೇ ದಾಯಾದಿ, ಮ್ಯಾಥ್ಯೂ ಮೆಕ್ರೇರಿ. ಮ್ಯಾಥ್ಯೂವಿನ ತಂದೆ ಬ್ರಿಟಿಷರ ಸೆರೆಯಲ್ಲಿದ್ದ. ಮಗ ಅವರ ದಂಡಿಗೆ ಸೇರದಿದ್ದರೆ ಗಂಡನನ್ನು ಗಲ್ಲಿಗೇರಿಸಿಯಾರು ಎಂದು ಹೆದರಿದ ತಾಯಿ ಮಗನನ್ನು ಫರ್ಗ್ಯುಸನ್ನನ ಬಳಿಗೆ ಕಳುಹಿಸಿದ್ದಳು. ಒಂದು ಬಂದೂಕು ಹಿಡಿದು ನಮ್ಮ ಕಡೆ ಹೋರಾಡು ಎಂದ ಥಾಮಸ್. ತನ್ನಿಂದಾಗದು ಎಂದ ಮ್ಯಾಥ್ಯೂ. ಹಾಗಾದರೆ ನನ್ನನ್ನು ಬಿಡು, ನಾನಾದರೂ ಹೋರಾಡುತ್ತೇನೆ ಎಂದು ಥಾಮಸ್ ಅವನ ತೋಳು ಬಿಡಿಸಿಕೊಂಡ.

ಕಥೆ ಬರೆಯುವ ನಮ್ಮಂಥವರು ಇದನ್ನು ಕಲ್ಪಿಸಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲವೇನೋ! ನಮ್ಮನ್ನು ಕಾಡುವುದು ಅಪ್ಪುಗೆಯಲ್ಲ, ಆ ತಾಯಿಯ ಲೆಕ್ಕ. ಅವಳಿಗೆ ರಾಜ ಬೇಕಿರಲಿಲ್ಲ, ಗಣರಾಜ್ಯವೂ ಬೇಕಿರಲಿಲ್ಲ. ಗಂಡ ಉಳಿಯಬೇಕಿತ್ತು. ಆದರೆ ಮಗನ ಟೊಪ್ಪಿಗೆಯಲ್ಲಿದ್ದ ಎಲೆಗೆ ಈ ಕಥೆ ಗೊತ್ತಿಲ್ಲ. ಗುರಿ ಇಟ್ಟವನಿಗೆ ಕಾಣುವುದು ಎಲೆ ಮಾತ್ರ.

ಫರ್ಗ್ಯುಸನ್ ಬಗ್ಗೆಯೂ ಒಂದು ಮಾತು ಹೇಳಬೇಕು. ಆತ ಹಿಂದಿನಿಂದ ತುಂಬುವ, ವೇಗವಾಗಿ ಸಿಡಿಸಬಲ್ಲ ಬಂದೂಕೊಂದನ್ನು ರೂಪಿಸಿ 1776ರಲ್ಲಿ ಪೇಟೆಂಟ್ ಪಡೆದವನು. ಕೊಲ್ಲುವುದರಲ್ಲಿ ನಿಪುಣ. ಅದೇ ಮನುಷ್ಯ 1777ರಲ್ಲಿ ಬ್ರಾಂಡಿವೈನ್ ಕಾಳಗದ ವೇಳೆ, ತನಗೆ ಬೆನ್ನು ಹಾಕಿ ಶಾಂತವಾಗಿ ಕುದುರೆಯ ಮೇಲೆ ಹೋಗುತ್ತಿದ್ದ ಅಮೆರಿಕನ್ ಅಧಿಕಾರಿಯೊಬ್ಬನಿಗೆ ಗುಂಡಿಕ್ಕಲು ಮನಸ್ಸಾಗದೆ ಬಿಟ್ಟುಬಿಟ್ಟದ್ದಾಗಿ ಪತ್ರದಲ್ಲಿ ಬರೆದ. ಅದು ವಾಷಿಂಗ್ಟನ್ ಇರಬಹುದೆಂದು ಅವನಿಗೆ ಆಮೇಲೆ ಯಾರೋ ಹೇಳಿದರು. ಇತಿಹಾಸಕಾರರಲ್ಲಿ ಇದರ ಬಗ್ಗೆ ಸಂದೇಹವಿದೆ, ಇರಲಿ. ಅದೇ ಕಾಳಗದಲ್ಲಿ ಅವನ ಬಲಗೈ ಛಿದ್ರವಾಯಿತು. ಮೂರು ವರ್ಷಗಳ ಬಳಿಕ ಇವನೇ ಬೆಟ್ಟದಾಚೆಯ ಜನರಿಗೆ, ದಂಗೆ ನಿಲ್ಲಿಸದಿದ್ದರೆ ನಿಮ್ಮ ನಾಯಕರನ್ನು ಗಲ್ಲಿಗೇರಿಸಿ ಊರುಗಳನ್ನು ಸುಟ್ಟು ಹಾಕುತ್ತೇನೆಂದು ಹೇಳಿ ಕಳುಹಿಸಿದ. ಒಬ್ಬನ ಬೆನ್ನಿಗೆ ಗುಂಡಿಡಲು ಹಿಂಜರಿದವನಿಗೆ ಒಂದು ಸೀಮೆಯನ್ನೇ ಸುಡುವ ಮಾತು ಸಲೀಸಾಗಿ ಬಂತು. ಕಣ್ಣಿಗೆ ಕಾಣುವ ಬೆನ್ನು ಒಬ್ಬ ಮನುಷ್ಯನದು. ಬೆಟ್ಟದಾಚೆಗಿನದ್ದು ಬರೇ ಹೆಸರು.

ಆ ಬೆದರಿಕೆಯೇ ಅವನನ್ನು ಕೊಂದಿತು. ಬೆಟ್ಟದಾಚೆಯವರು ಸೆಪ್ಟೆಂಬರ್ 25ರಂದು ಸಿಕಮೋರ್ ಶೋಲ್ಸ್ ಎಂಬಲ್ಲಿ ಸೇರಿ, ಬೆಟ್ಟಸಾಲು ದಾಟಿ, ಕೊನೆಯ ರಾತ್ರಿ ಮಳೆಯಲ್ಲಿ ಸವಾರಿ ಮಾಡಿ ಬಂದರು. ಫರ್ಗ್ಯುಸನ್ ಹಲವು ಗುಂಡು ತಿಂದು ಕುದುರೆಯಿಂದ ಉರುಳಿದ. ಅವನ ನಂತರದ ಅಧಿಕಾರಿ, ನ್ಯೂಯಾರ್ಕಿನ ಡಿ ಪೈಸ್ಟರ್, ಶರಣಾಗತಿ ಕೋರಿದ. ಬಿಳಿ ಬಟ್ಟೆ ಮೇಲೆದ್ದಿತು.

ಗುಂಡು ಮಾತ್ರ ನಿಲ್ಲಲಿಲ್ಲ. ಬಿಳಿ ಬಾವುಟ ಹಿಡಿದವರನ್ನೇ ಹೊಡೆದುರುಳಿಸಿದರು. ಕೆಲವು ಹುಡುಗರಿಗೆ ಆ ಬಾವುಟದ ಅರ್ಥವೇ ಗೊತ್ತಿರಲಿಲ್ಲವಂತೆ. ಗೊತ್ತಿದ್ದವರು ‘ಬ್ಯೂಫರ್ಡ್’ ಎಂದು ಕೂಗುತ್ತಿದ್ದರು. ಅದೇ ವರ್ಷ ಮೇ 29ರಂದು ವ್ಯಾಕ್ಸ್‌ಹಾಸ್ ಎಂಬಲ್ಲಿ ಟಾರ್ಲೆಟನ್ನನ ಕುದುರೆ ದಂಡು ಕರ್ನಲ್ ಬ್ಯೂಫರ್ಡನ ಪಡೆಯನ್ನು ಕತ್ತರಿಸಿ ಹಾಕಿತ್ತು. 113 ಜನ ಸತ್ತಿದ್ದರು. ಶರಣಾದವರನ್ನೂ ಬಿಡಲಿಲ್ಲ ಎಂಬ ಸುದ್ದಿ ಕೆರೊಲಿನಾದ ಮನೆ ಮನೆಗೂ ತಲುಪಿತ್ತು. ಈಗ ಅದರ ಬಾಕಿ ವಸೂಲಿ.

ಆದರೆ ಟಾರ್ಲೆಟನ್ ಆ ದಿಣ್ಣೆಯ ಮೇಲೆ ಇರಲೇ ಇಲ್ಲ! ಮೇ ತಿಂಗಳಲ್ಲಿ ಕತ್ತಿ ಬೀಸಿದ ಕೈಗಳೇ ಬೇರೆ, ಅಕ್ಟೋಬರಿನಲ್ಲಿ ಮೇಲೆತ್ತಿದ ಕೈಗಳೇ ಬೇರೆ. ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಇದೇ. ಒಬ್ಬ ಮಾಡಿದ್ದಕ್ಕೆ ಅದೇ ಎಲೆ ಮುಡಿದ ಇನ್ನೊಬ್ಬನಿಂದ ಲೆಕ್ಕ ಕೇಳುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಕೇಳುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ದಂಗೆಕೋರರ ನಾಯಕರಲ್ಲೊಬ್ಬನಾದ ಜಾನ್ ಸೆವಿಯರ್‌ನ ಮಗ ತಂದೆ ಸತ್ತನೆಂಬ ಸುಳ್ಳು ಸುದ್ದಿ ಕೇಳಿ, ಅಳುತ್ತಾ, ಶರಣಾದವರ ಮೇಲೆ ಗುಂಡು ಹಾರಿಸುತ್ತಲೇ ಇದ್ದ. ನಿಜಕ್ಕೆ ಮಾರಣಾಂತಿಕ ಗಾಯವಾಗಿದ್ದುದು ಅವನ ಚಿಕ್ಕಪ್ಪನಿಗೆ. ತಂದೆ ಎದುರು ಬಂದು ನಿಂತ ಮೇಲೆಯೇ ಹುಡುಗನ ಕೈ ನಿಂತಿತು. ಆ ಕಣ್ಣೀರು ಸುಳ್ಳಲ್ಲ. ನಮ್ಮ ದುಃಖ ನಿಜವಾದದ್ದು ಎಂಬುದು ನಮ್ಮ ಗುಂಡು ಸರಿಯಾದದ್ದು ಎಂಬುದಕ್ಕೆ ಪುರಾವೆಯಾದೀತೇ?

ಇದನ್ನು ಪರದೇಶದವರ ಕ್ರೌರ್ಯವೆಂದು ಓದಿ ಮುಗಿಸುವ ಹಾಗೂ ಇಲ್ಲ. ಇದಕ್ಕೆ ತಿಂಗಳಿಗೂ ಮೊದಲಲ್ಲ, 27 ದಿನಗಳ ಹಿಂದೆ, 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಸೈನ್ಯವನ್ನು ನುಚ್ಚುನೂರು ಮಾಡಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ ಆ ಚಿತ್ರವನ್ನು ನಾವು ಹೆಮ್ಮೆಯಿಂದ ನೋಡುತ್ತೇವೆ. ಬೇಲಿ ಶರಣಾದ ಮೇಲೂ ಕಡಿತ ನಿಲ್ಲಲಿಲ್ಲ, ಫ್ರೆಂಚ್ ಅಧಿಕಾರಿಗಳು ನಡುವೆ ಬಂದು ತಡೆದರು ಎಂದು ಇಂಗ್ಲಿಷರ ಕಡೆಯ ಬರಹಗಳು ಹೇಳುತ್ತವೆ. ಸೋತವರ ಮಾತೆಂದು ತಳ್ಳಿಹಾಕುವುದು ಸುಲಭ. ವ್ಯಾಕ್ಸ್‌ಹಾಸ್ ಬಗ್ಗೆ ಸೋತವರ ಮಾತನ್ನು ನಂಬುವ ನಾವು ಇಲ್ಲಿ ಮಾತ್ರ ಕಿವಿ ಮುಚ್ಚಿಕೊಳ್ಳಬಾರದಲ್ಲವೇ? ಅಂದ ಹಾಗೆ, ಕಿಂಗ್ಸ್ ಮೌಂಟನ್ ಸುದ್ದಿ ಕೇಳಿ ಷಾರ್ಲಟ್ ಊರಿನಿಂದ ಹಿಮ್ಮೆಟ್ಟಿದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದವನು.

ದಿಣ್ಣೆಯ ಮೇಲೆ ದಂಗೆಕೋರರ ಕಡೆ 28 ಜನ ಸತ್ತಿದ್ದರು. ಎದುರಾಳಿಗಳ ಕಡೆ ಒಂದು ಲೆಕ್ಕದಂತೆ 157. ಏಳುನೂರರಷ್ಟು ಜನ ಸೆರೆಯಾದರು. ಮರುದಿನ ಭಾನುವಾರ, ಸತ್ತವರ ಹೆಂಡತಿಯರು, ಮಕ್ಕಳು ಬೆಟ್ಟಕ್ಕೆ ಬಂದರು. ಹೆಣಗಳನ್ನು ಆಳವಾಗಿ ಹೂಳಲಿಲ್ಲ. ಆಮೇಲೆ ತೋಳಗಳು, ಹಂದಿಗಳು ಅಲ್ಲಿ ಮುತ್ತಿದ್ದನ್ನು ಗೆದ್ದವರ ಪೈಕಿಯ ಜೇಮ್ಸ್ ಕಾಲಿನ್ಸ್ ಎಂಬವನೇ ಬರೆದಿಟ್ಟಿದ್ದಾನೆ.

ಸೆರೆಯಾಳುಗಳ ಮೆರವಣಿಗೆ ಹೊರಟಿತು. ಅಕ್ಟೋಬರ್ 11ರಂದು ದಂಗೆಕೋರರ ದಂಡನಾಯಕ ವಿಲಿಯಂ ಕ್ಯಾಂಪ್‌ಬೆಲ್ ಒಂದು ಆಜ್ಞೆ ಹೊರಡಿಸಬೇಕಾಯಿತು: ಸೆರೆಯಾಳುಗಳನ್ನು ಕೊಲ್ಲುವುದನ್ನು ಅಧಿಕಾರಿಗಳು ತಡೆಯಬೇಕು. ಆಜ್ಞೆಯ ಅಗತ್ಯ ಬಿತ್ತೆಂದರೆ ದಾರಿಯಲ್ಲಿ ಏನು ನಡೆಯುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಮೂರು ದಿನಗಳ ಬಳಿಕ ಬಿಗರ್‌ಸ್ಟಾಫ್ ಎಂಬವರ ಹೊಲದಲ್ಲಿ ನ್ಯಾಯಾಲಯ ಕುಳಿತಿತು. ಮೂವತ್ತಕ್ಕೂ ಹೆಚ್ಚು ಜನರಿಗೆ ಮರಣದಂಡನೆ. ಪಂಜುಗಳ ಬೆಳಕಿನಲ್ಲಿ, ಓಕ್ ಮರವೊಂದಕ್ಕೆ ಒಂದು ಸಲಕ್ಕೆ ಮೂವರಂತೆ ಒಂಬತ್ತು ಮಂದಿಯನ್ನು ನೇತುಹಾಕಿದರು. ಮುಂದಿನ ಸರದಿಯವನ ತಮ್ಮ, ಇನ್ನೂ ಹುಡುಗ, ಬೀಳ್ಕೊಡುವ ನೆಪದಲ್ಲಿ ಅಣ್ಣನನ್ನು ಅಪ್ಪಿ ಗೋಳಾಡುತ್ತಾ ಕಟ್ಟುಗಳನ್ನು ಕತ್ತರಿಸಿಬಿಟ್ಟನಂತೆ. ಅಣ್ಣ ಗುರಿಕಾರರ ನಡುವಿನಿಂದಲೇ ಕತ್ತಲೆಗೆ ಓಡಿದ. ಯಾರೂ ಗುಂಡು ಹಾರಿಸಲಿಲ್ಲ. ಅಲ್ಲಿಗೆ ಗಲ್ಲು ನಿಂತಿತು. ಉಳಿದವರಿಗೆ ಕ್ಷಮೆ ಸಿಕ್ಕಿತು.

ಬ್ರಿಟಿಷರು ನೈಂಟಿ ಸಿಕ್ಸ್ ಎಂಬ ಊರಲ್ಲಿ ನಮ್ಮ ಹನ್ನೊಂದು ಮಂದಿಯನ್ನು ನೇತುಹಾಕಿದ್ದರು, ನಾವು ಹೀಗೆ ಮಾಡಿದ್ದರಿಂದಲೇ ಅದು ನಿಂತಿತು ಎಂದು ಕರ್ನಲ್ ಶೆಲ್ಬಿ ಮುಂದೆ ಸಮರ್ಥಿಸಿಕೊಂಡ. ನಿಂತಿತೇ? ನಾಲ್ಕು ತಿಂಗಳ ಬಳಿಕ, 1781ರ ಫೆಬ್ರವರಿಯಲ್ಲಿ, ಪೈಲ್ ಎಂಬವನ ರಾಜನಿಷ್ಠರು ಹಸಿರು ಅಂಗಿಯ ಸವಾರರನ್ನು ಕಂಡು ಟಾರ್ಲೆಟನ್ನನ ದಂಡೆಂದೇ ನಂಬಿ ಹಾದಿ ಬದಿಗೆ ಸರಿದು ನಿಂತರು. ಬಂದವರು ದಂಗೆಕೋರರು. ಕೆಲವೇ ನಿಮಿಷಗಳಲ್ಲಿ ತೊಂಬತ್ತರಷ್ಟು ಹೆಣಗಳು ಬಿದ್ದವು.

ಗಲ್ಲಿನ ಹೊಲದ ಯಜಮಾನ ಆರನ್ ಬಿಗರ್‌ಸ್ಟಾಫ್ ಫರ್ಗ್ಯುಸನ್ ಜೊತೆ ಹೋಗಿ ಆ ದಿಣ್ಣೆಯ ಮೇಲೆ ಮಾರಣಾಂತಿಕ ಗಾಯಗೊಂಡವನು. ದಂಡು ಹೊರಟುಹೋದ ಮೇಲೆ ಮನೆಯಲ್ಲಿ ಉಳಿದದ್ದು ಅವನ ಹೆಂಡತಿ ಮಾರ್ಥಾ, ಮತ್ತು ಹೊಲದಲ್ಲಿ ಕೆಲಸಕ್ಕಿದ್ದ ಒಬ್ಬ ಮುದುಕ. ಇಬ್ಬರೂ ಸೇರಿ ಒಂಬತ್ತು ಹೆಣಗಳನ್ನು ಮರದಿಂದ ಕೆಳಗಿಳಿಸಿದರು. ಒಂದನ್ನು ಬೇರೆಡೆಗೆ ಕೊಂಡೊಯ್ದರು. ಉಳಿದ ಎಂಟಕ್ಕೆ ಮಾರ್ಥಾ ಮತ್ತು ಮುದುಕ ಅಲ್ಲೇ ಗುಂಡಿ ತೋಡಿದರು.