ಕಾವಲಿಲ್ಲದ ಒಳ್ಳೆಯತನ

ಕಾವಲುಗಾರ ನಿದ್ದೆ ಹೋದಾಗಲೂ ಕೇಡು ಮಾಡದವನನ್ನು ನಾವು ಒಳ್ಳೆಯವನೆನ್ನುತ್ತೇವೆ. ಹುಟ್ಟಿನೊಂದಿಗೇ ಬಂದ ಇಂಥ ಸ್ವಭಾವವನ್ನು ಉರ್ದುವಿನಲ್ಲಿ ಫಿತ್ರತ್ ಎನ್ನುತ್ತಾರೆ. ಮನುಷ್ಯರಲ್ಲಿ ಅದನ್ನು ಪರೀಕ್ಷಿಸುವುದು ಕಷ್ಟ. ಆದರೆ ಒಂದು ಪರಮಾಣು ಸ್ಥಾವರದಲ್ಲಿ ಅದನ್ನು ಪರೀಕ್ಷಿಸಿ ನೋಡಿದ್ದಾರೆ.

1986ರ ಏಪ್ರಿಲ್ 3. ಅಮೆರಿಕದ ಐಡಾಹೊದಲ್ಲಿ ಇಬಿಆರ್-2 ಎಂಬ ಫಾಸ್ಟ್ ರಿಯಾಕ್ಟರ್ ಪೂರ್ಣ ಶಕ್ತಿಯಲ್ಲಿ ಓಡುತ್ತಿತ್ತು. ತುರ್ತಾಗಿ ಅದನ್ನು ನಂದಿಸುವ ವ್ಯವಸ್ಥೆಯನ್ನು ತಡೆಹಿಡಿದು, ವಿಜ್ಞಾನಿಗಳು ಬೇಕೆಂದೇ ಪಂಪುಗಳನ್ನು ನಿಲ್ಲಿಸಿದರು. ಯಾರೂ ಗುಂಡಿ ಒತ್ತಲಿಲ್ಲ. ದ್ರವ ಸೋಡಿಯಂ ಕಾಯಿತು, ಕಾದ ಲೋಹ ಹಿಗ್ಗಿತು, ಹಿಗ್ಗಿದ ಗರ್ಭದಿಂದ ನ್ಯೂಟ್ರಾನುಗಳು ಹೆಚ್ಚಾಗಿ ಹೊರಗೆ ಸೋರಿದವು. ಸರಪಳಿ ಕ್ರಿಯೆ ತಾನಾಗಿಯೇ ನಂದಿತು. ಮಧ್ಯಾಹ್ನ ಮತ್ತೆ ನಡೆಸಿ, ಶಾಖ ಹೊರಹೋಗುವ ದಾರಿಯನ್ನೇ ಮುಚ್ಚಿದರು. ಮತ್ತೆ ನಂದಿತು. ಇಂಧನಕ್ಕೆ ಹಾನಿಯಾಗಲಿಲ್ಲ.

ಇದಾಗಿ 23 ದಿನಗಳಿಗೆ ಚೆರ್ನೋಬಿಲ್. ಅಲ್ಲೂ ನಡೆಯುತ್ತಿದ್ದದ್ದು ಒಂದು ಪರೀಕ್ಷೆಯೇ, ಅಲ್ಲೂ ಕೆಲವು ರಕ್ಷಣಾ ವ್ಯವಸ್ಥೆಗಳನ್ನು ನಿಲ್ಲಿಸಿದ್ದರು. ಆದರೆ ನೀರು ಆವಿಯಾದಷ್ಟೂ ಉರಿ ಏರುವುದು ಆ ಸ್ಥಾವರದ ಸ್ವಭಾವವಾಗಿತ್ತು.

ಐಡಾಹೊದ ಗುಟ್ಟಿನಲ್ಲಿ ದೊಡ್ಡ ಪಾಲು ಇಂಧನದ್ದು. ಆಕ್ಸೈಡ್ ಇಂಧನ ಪಿಂಗಾಣಿಯಂತೆ ಶಾಖವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಅದು ತಣಿಯುವಾಗ ನಂದುತ್ತಿರುವ ಕ್ರಿಯೆಗೆ ಮತ್ತೆ ಬಲ ಬರುತ್ತದೆ. ಲೋಹದ ಇಂಧನ ಬಂದ ಶಾಖವನ್ನು ಬೇಗ ದಾಟಿಸಿಬಿಡುತ್ತದೆ. ಆದರೆ ಅದಕ್ಕೊಂದು ದುರ್ಗುಣ: ಬಳಸಿದಂತೆಲ್ಲ ಊದಿಕೊಳ್ಳುತ್ತದೆ. ಮೊದಮೊದಲು ಹೀಗೆ ಊದಿ, ತನ್ನನ್ನು ಸುತ್ತಿದ ಕೊಳವೆಯನ್ನೇ ಸೀಳುತ್ತಿತ್ತು. ಕೊನೆಗೆ ಕೊಳವೆಯೊಳಗೆ ಸುಮಾರು ಕಾಲು ಭಾಗ ಜಾಗ ಖಾಲಿ ಬಿಟ್ಟು, ಅದರಲ್ಲಿ ಸೋಡಿಯಂ ತುಂಬಿದರು. ಊದಲು ಜಾಗ ಸಿಕ್ಕಿದ್ದೇ ಇಂಧನದೊಳಗಿನ ರಂಧ್ರಗಳು ಒಂದಕ್ಕೊಂದು ಕೂಡಿ, ಅನಿಲ ಹೊರಬಂದು, ಕೊಳವೆ ಉಳಿಯಿತು. ಮಕ್ಕಳನ್ನು ಬೆಳೆಸುವವರು ಈ ವಿವರವನ್ನು ಒಮ್ಮೆ ಓದಬೇಕು.

ಹಾಗಾದರೆ ಆ ಲೋಹ ಒಳ್ಳೆಯದೆ? ಕೇಡು ಮಾಡುವ ಆಯ್ಕೆಯೇ ಇಲ್ಲದ್ದನ್ನು ಹಾಗೆ ಕರೆಯಲು ನನಗೆ ಮನಸ್ಸಾಗದು. ಒಳ್ಳೆಯತನವೇನಾದರೂ ಇದ್ದರೆ, ಕಾಯುವವನು ಒಂದು ದಿನ ತಪ್ಪುತ್ತಾನೆಂದು ಮೊದಲೇ ಒಪ್ಪಿಕೊಂಡು ಕೆಲಸ ಮಾಡಿದವರಲ್ಲಿದೆ. ಅವರ ಈ ವಿನಯಕ್ಕೂ ಮಿತಿಯಿದೆ. ಗಾಳಿ ತಾಗಿದರೆ ಬಿಸಿ ಸೋಡಿಯಂ ಹೊತ್ತಿಕೊಳ್ಳುತ್ತದೆ, ಅದೂ ಸ್ವಭಾವವೇ. 1995ರ ಡಿಸೆಂಬರಿನಲ್ಲಿ ಜಪಾನಿನ ಮೊಂಜು ಫಾಸ್ಟ್ ರಿಯಾಕ್ಟರಿನಲ್ಲಿ ಹೀಗೇ ಬೆಂಕಿ ಬಿತ್ತು. ಜ್ಞಾನದ ಬೋಧಿಸತ್ವ ಮಂಜುಶ್ರೀಯ ಹೆಸರು ಹೊತ್ತ ಸ್ಥಾವರವದು. ಯಾರಿಗೂ ಗಾಯವಾಗಲಿಲ್ಲ, ವಿಕಿರಣ ಹೊರಬೀಳಲಿಲ್ಲ. ಆದರೆ ನಡೆಸುತ್ತಿದ್ದ ಸಂಸ್ಥೆ ಸೋರಿಕೆಯ ವಿಡಿಯೊವನ್ನು ಕತ್ತರಿಸಿ, ಕೆಟ್ಟದ್ದನ್ನು ಬಚ್ಚಿಟ್ಟು ಜನರಿಗೆ ತೋರಿಸಿತು. ಅದು ಬಯಲಾಯಿತು. ಮೊಂಜು ಮತ್ತೆ ಶುರುವಾದದ್ದು 2010ರಲ್ಲಿ, ಅದೂ ಕೆಲವೇ ತಿಂಗಳು. 2016ರಲ್ಲಿ ಅದನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು.