ಹೊಗೆ ಕಂಡರೆ ಬೆಂಕಿ ಎನ್ನಬಹುದೆ?

ವಿಷಯ: ಬೆಟ್ಟದಲ್ಲಿ ಹೊಗೆ ಏಳುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ತಾರ್ಕಿಕರ ಈ ಹಳೆಯ ಅನುಮಾನ, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆ, ನಿಂತಿರುವುದು ‘ಹೊಗೆ ಇದ್ದಲ್ಲೆಲ್ಲ ಬೆಂಕಿ’ ಎಂಬ ವ್ಯಾಪ್ತಿಯ, ಎಂದರೆ ಎಂದೂ ತಪ್ಪದ ನಂಟಿನ, ಮೇಲೆ. ಪರಲೋಕವನ್ನು ಒಪ್ಪದ ಚಾರ್ವಾಕರು ಕೊಡಲಿ ಹಾಕಿದ್ದು ಆ ಬೇರಿಗೆ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವ ತಾನು ಒಪ್ಪದ ಈ ವಾದವನ್ನು ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲೇ ಕಟ್ಟಿಕೊಟ್ಟಿದ್ದಾನೆ.

ಸಂಶಯ: ವ್ಯಾಪ್ತಿಯನ್ನು ತಿಳಿಯುವ ದಾರಿ ಇದೆಯೋ ಇಲ್ಲವೋ?

ಪೂರ್ವಪಕ್ಷ: ಇಲ್ಲ. ಕಣ್ಣಿಗೆ ಕಾಣುವುದು ಇಂದಿನ, ಇಲ್ಲಿನ ಹೊಗೆ ಮಾತ್ರ. ಕಳೆದುಹೋದದ್ದೂ ಬರಲಿರುವುದೂ ಕಾಣದು. ಇನ್ನೊಂದು ಅನುಮಾನದಿಂದ ತಿಳಿಯೋಣವೆಂದರೆ ಅದಕ್ಕೂ ವ್ಯಾಪ್ತಿ ಬೇಕು, ಅಲ್ಲಿಗೆ ಕೊನೆಯೇ ಇಲ್ಲದ ಅನವಸ್ಥೆ. ಆಪ್ತರ ಮಾತನ್ನು ನಂಬೋಣವೆಂದರೆ, ಅವರು ಆಪ್ತರೆಂದು ಗೊತ್ತಾಗುವುದೂ ಅನುಮಾನದಿಂದಲೇ.

ಸಿದ್ಧಾಂತ: ‘ಯಾವ ಅನುಮಾನವೂ ಪ್ರಮಾಣವಲ್ಲ ಎಂಬುದೇ ಒಂದು ವ್ಯಾಪ್ತಿಯಲ್ಲವೆ?’ ಎಂದು ಕೇಳಿ ಗೆದ್ದೆವೆನ್ನುವುದು ಸುಲಭ. ಆದರೆ ಅಷ್ಟು ಸಾಲದು. ‘ನನಗೆ ಸ್ವಂತ ಪಕ್ಷವೇ ಇಲ್ಲ, ನಿಮ್ಮ ನಿಯಮದಲ್ಲೇ ನಿಮ್ಮನ್ನು ಕೆಡವಿದೆ’ ಎಂದು ಎದುರಾಳಿ ಜಾರಿಕೊಳ್ಳಬಹುದು. ಜಯರಾಶಿ ಭಟ್ಟ ‘ತತ್ತ್ವೋಪಪ್ಲವಸಿಂಹ’ದಲ್ಲಿ ಪ್ರತ್ಯಕ್ಷವನ್ನೂ ಬಿಡದೆ ಹೀಗೇ ಕೆಡವುತ್ತಾನೆ.

ದೋಷ ಇನ್ನೂ ಒಳಗಿದೆ. ಎಲ್ಲ ನಿದರ್ಶನಗಳನ್ನೂ ನೋಡಿ ಮುಗಿಸಿದರೆ ಮಾತ್ರ ವ್ಯಾಪ್ತಿಜ್ಞಾನ ಎಂದು ಈ ವಾದ ಸದ್ದಿಲ್ಲದೆ ಹಿಡಿದುಕೊಂಡಿದೆ. ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದನ್ನೇ ಹಿಡಿದ: ಬೇರೆ ದೇಶ, ಬೇರೆ ಕಾಲದಲ್ಲಿ ತಪ್ಪೀತು ಎಂದು ಶಂಕಿಸಬೇಕಾದರೂ ಕಾಣದ ಆ ದೇಶಕಾಲಗಳನ್ನು ಅನುಮಾನದಿಂದಲೇ ಒಪ್ಪಬೇಕು, ಶಂಕಿಸುವವನ ನಡೆಗೇ ಶಂಕೆ ವಿರುದ್ಧವಾದರೆ ಅದು ಅಲ್ಲಿಗೆ ನಿಲ್ಲುತ್ತದೆ. ಹೊಗೆ ಬೇಕಾದಾಗ ಚಾರ್ವಾಕನೂ ಬೆಂಕಿಯನ್ನೇ ಹೊತ್ತಿಸುತ್ತಾನೆ.

ಆಕ್ಷೇಪ: ನಡೆ ತೋರಿಸುವುದು ನಂಬಿಕೆಯನ್ನು, ಸತ್ಯವನ್ನಲ್ಲ. ‘ಖಂಡನಖಂಡಖಾದ್ಯ’ದ ಶ್ರೀಹರ್ಷ ಉದಯನನ ಮಾತನ್ನೇ ತಿರುಗಿಸಿ, ವಿರೋಧವೆಂಬುದಿದ್ದರೆ ಶಂಕೆಯೂ ಇದ್ದೇ ಇದೆ ಎಂದು ಚುಚ್ಚಲಿಲ್ಲವೆ?

ಸಮಾಧಾನ: ಚುಚ್ಚಿದ್ದು ಸರಿ. ಆದ್ದರಿಂದ ನಡೆಯೊಂದನ್ನೇ ನೆಚ್ಚುವುದಿಲ್ಲ. ಶಂಕೆಗೂ ಕಾರಣ ಕೇಳುತ್ತೇವೆ. ‘ಬೆಂಕಿಯಿದ್ದಲ್ಲೆಲ್ಲ ಹೊಗೆ’ ಎಂಬುದನ್ನು ನಾವೇ ತಳ್ಳಿಹಾಕುತ್ತೇವೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೆಂಬ ಉಪಾಧಿ, ಎಂದರೆ ಹೆಚ್ಚಿನದೊಂದು ಷರತ್ತು, ಬೇಕು. ‘ಹೊಗೆಯಿದ್ದಲ್ಲಿ ಬೆಂಕಿ’ ಎಂಬುದಕ್ಕೆ ಅಂಥ ಉಪಾಧಿಯನ್ನು ತೋರಿಸಿ, ಬಿಟ್ಟುಕೊಡುತ್ತೇವೆ. ಚಾರ್ವಾಕನ ವಾದಕ್ಕೆ ಈ ಎರಡೂ ಒಂದೇ. ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಲಾರದ ಮೊರ ಕೇರುವುದಕ್ಕೆ ಬಾರದು.

ಆಕ್ಷೇಪ: ಅನುಮಾನ ಫಲಿಸುವುದು ಮಣಿ, ಮಂತ್ರ, ಔಷಧಗಳಂತೆ ಆಕಸ್ಮಿಕ.

ಸಮಾಧಾನ: ಆಕಸ್ಮಿಕ ಎನ್ನಲು ನಿಯತವಾದದ್ದು ಮೊದಲೇ ಗೊತ್ತಿರಬೇಕು. ಮಣಿಯೂ ಮದ್ದೂ ಒಂದೇ ಅಲ್ಲವೆಂದು ತಿಳಿಯುವುದು ಅನ್ವಯ ವ್ಯತಿರೇಕಗಳನ್ನು, ಎಂದರೆ ಒಂದಿದ್ದರೆ ಇನ್ನೊಂದಿರುವುದನ್ನೂ ಇಲ್ಲದಿದ್ದರೆ ಇಲ್ಲದಿರುವುದನ್ನೂ, ನೋಡಿದ ಮೇಲೆಯೇ.

ಪ್ರಯೋಜನ: ಪೂರ್ವಪಕ್ಷ ವ್ಯರ್ಥವಲ್ಲ. ಚಾರ್ವಾಕರಲ್ಲೇ ಪುರಂದರ ಲೋಕಪ್ರಸಿದ್ಧ ಅನುಮಾನವನ್ನು ಒಪ್ಪಿ, ಲೋಕದ ದಾರಿಯನ್ನು ಮೀರಿದ ಅನುಮಾನವನ್ನಷ್ಟೇ ಬಿಟ್ಟ. ಅಡುಗೆಮನೆಯಲ್ಲಿ ಹೊಗೆ, ಬೆಂಕಿ ಎರಡನ್ನೂ ಒಟ್ಟಿಗೆ ಕಂಡಿದ್ದೇವೆ. ಪರಲೋಕವನ್ನು ಯಾವುದರೊಡನೆ ಒಟ್ಟಿಗೆ ಕಂಡೆವು? ಅನುಮಾನ ಉಳಿಯಿತು, ಎಂದೂ ತಪ್ಪೆನೆಂಬ ಅದರ ಜಂಬ ಉಳಿಯಲಿಲ್ಲ. ಕೊಡ ಹಿಡಿದು ಬೆಟ್ಟಕ್ಕೆ ಓಡಲು ಇಷ್ಟು ಸಾಕು.