ನಕಲಿನ ಬೆಲೆ

ಕಂಡ ವಸ್ತುಗಳನ್ನು ಕೂಡಿಡುವುದು ಮನುಷ್ಯನ ಹಳೆಯ ಚಪಲ. ನಾಣ್ಯ, ಅಂಚೆಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ, ಹಿತ್ತಾಳೆಯ ದೀಪ, ಹೀಗೆ ಕಾಲಕ್ಕೊಂದು ವಸ್ತುವಿನ ಮೇಲೆ ಅವನ ಕಣ್ಣು ಬೀಳುತ್ತದೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಹಳೆಯ ಟಿ.ವಿ. ವಿಡಿಯೋ ಗೇಮುಗಳೂ ಸೇರಿವೆ. 1990ರ ದಶಕದ ಮಕ್ಕಳ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಸಿಕ್ಕಿಸುವ ಎರಡು ರಿಮೋಟು, ಒಂದು ಬಂದೂಕು, ನಾಲ್ಕಾರು ಕ್ಯಾಸೆಟ್ಟು, ಇಷ್ಟನ್ನು ಹುಡುಕಿಕೊಂಡು ಊರೂರು ತಿರುಗುವವರಿದ್ದಾರೆ. ಗಂಟೆಗಟ್ಟಲೆ ಅದರ ಗುಣದೋಷಗಳನ್ನು ಚರ್ಚಿಸುವವರಿದ್ದಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅಜ್ಜನ ಊರುಗೋಲನ್ನು ಜೋಪಾನ ಮಾಡುವ ಮನೆ ಮಗನ ಆಟಿಕೆಯನ್ನೂ ಜೋಪಾನ ಮಾಡಬಹುದು. ಆದರೆ ಈ ಹವ್ಯಾಸದ ಒಳಗೆ ಒಂದು ನೀತಿಯ ಪ್ರಶ್ನೆ ಅಡಗಿದೆ. ನಮ್ಮ ಕಡೆಯ ಸಂಗ್ರಾಹಕನಿಗೆ ಅದು ವಿಶೇಷವಾಗಿ ಚುಚ್ಚುವ ಪ್ರಶ್ನೆ.

ಉದಾಹರಣೆಗೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಮಹಾಗಾಂವ ಇದೆ. ಅಲ್ಲಿಯ ಒಂದು ಮನೆಯ ಮಗ ಈಗ ನಲವತ್ತು ದಾಟಿದ್ದಾನೆ. ಹಳೆಯ ಟ್ರಂಕು ತೆಗೆದಾಗ ಅವನ ಬಾಲ್ಯದ ವಿಡಿಯೋ ಗೇಮು ಸಿಕ್ಕುತ್ತದೆ. ಇಂಥವಕ್ಕೆ ಈಗ ಬಹಳ ಬೆಲೆ ಎಂದು ಕೇಳಿದ್ದಾನೆ. ಕಲಬುರಗಿಗೆ ಒಯ್ದು ತಿಳಿದವರೊಬ್ಬರಿಗೆ ತೋರಿಸುತ್ತಾನೆ. ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಡೂಪ್ಲಿಕೇಟ್ ಅದ ರೀ, ಇದಕ್ಕ ರೊಕ್ಕ ಬರಂಗಿಲ್ಲ” ಎಂದು ವಾಪಸು ಕೊಡುತ್ತಾರೆ. ಆತ ಬಸ್ಸು ಹತ್ತಿ ಊರಿಗೆ ಮರಳುವಾಗ ಹೋದದ್ದು ರೊಕ್ಕ ಮಾತ್ರವಲ್ಲ. ತನ್ನ ಬಾಲ್ಯದ ಒಂದು ತುಂಡನ್ನೇ ಯಾರೋ ಡೂಪ್ಲಿಕೇಟ್ ಎಂದಂತೆ ಅವನಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ತಿಳಿದವರ ಮಾತು ಸುಳ್ಳಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ರಚನೆಯ ಹೊಣೆ ಹೊತ್ತಿದ್ದವರು ಮಾಸಾಯುಕಿ ಉಯೆಮುರಾ ಎಂಬ ಎಂಜಿನಿಯರು. 1985ರಲ್ಲಿ ಅದೇ ಯಂತ್ರ ರೂಪ ಬದಲಿಸಿ ಅಮೆರಿಕಕ್ಕೆ ಹೋಯಿತು. ನಮ್ಮ ಪೇಟೆಗಳಿಗೆ ಬಂದದ್ದು ಬಹುಮಟ್ಟಿಗೆ ಇದರ ನಕಲು. ಡಬ್ಬಿಯ ಮೇಲೆ ಬೇರೆ ಬೇರೆ ಹೆಸರು. ಒಳಗೆ ಅದೇ ಏರ್ಪಾಡು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ತೆರೆದರೆ ಬೆರಳೆಣಿಕೆಯ ಆಟಗಳೇ ಮತ್ತೆ ಮತ್ತೆ ಬೇರೆ ಹೆಸರಿನಲ್ಲಿ ಬರುತ್ತಿದ್ದವು. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಆಟದ ಮೊದಲ ಪರದೆಯಿಂದ ಮೂಲ ಕಂಪನಿಯ ಹೆಸರನ್ನೇ ಅಳಿಸಿರುತ್ತಿದ್ದರು.

ಹಾಗಾದರೆ ಆ ಡಬ್ಬಿಯನ್ನು ಗುಜರಿಗೆ ಹಾಕಬೇಕೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹುಡುಗರು ‘ಟ್ಯಾಂಕ್ ಗೇಮ್’ ಎಂದು ಕರೆಯುತ್ತಿದ್ದ ಆಟ ಹಲವರಿಗೆ ನೆನಪಿರಬಹುದು. ಇಟ್ಟಿಗೆಯ ಗೋಡೆಗಳ ನಡುವೆ ಟ್ಯಾಂಕು ಓಡಿಸುತ್ತ, ಪರದೆಯ ಕೆಳಗೆ ಕುಳಿತ ಹದ್ದಿನ ಗುರುತನ್ನು ಶತ್ರುವಿನಿಂದ ಕಾಯುವ ಆಟ ಅದು. ಇಬ್ಬರು ಕೂಡಿ ಆಡಬಹುದು. ಅಣ್ಣನ ಗುಂಡು ತಮ್ಮನ ಟ್ಯಾಂಕಿಗೆ ಬಡಿದರೆ ಮನೆಯಲ್ಲಿ ಜಗಳ. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ. ನಾಮ್ಕೊ ಕಂಪನಿ 1985ರಲ್ಲಿ ಫ್ಯಾಮಿಕಾಮಿಗಾಗಿ ಜಪಾನಿನಲ್ಲಿ ಅದನ್ನು ಹೊರತಂದಿತು. ಆ ಕ್ಯಾಸೆಟ್ಟನ್ನು ಆಗ ಜಪಾನಿನ ಹೊರಗೆ ಕಂಪನಿ ಮಾರಲಿಲ್ಲ. ಅಂದರೆ ನಕಲು ಮಾಡುವವರು ಇಲ್ಲದೆ ಹೋಗಿದ್ದರೆ ಆ ಆಟ ನಮ್ಮ ಮಕ್ಕಳ ಕಣ್ಣಿಗೇ ಬೀಳುತ್ತಿರಲಿಲ್ಲ. ಡಬ್ಬಿ ನಕಲು; ಆದರೆ ಅದರ ಮುಂದೆ ಕುಳಿತ ಅಣ್ಣತಮ್ಮಂದಿರ ಆಟ ನಕಲಲ್ಲ, ಜಗಳವೂ ನಕಲಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ತುದಿಯನ್ನು ನೋಡಿ. 2021ರ ಜುಲೈಯಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ‘ಸೂಪರ್ ಮಾರಿಯೋ 64’ ಎಂಬ 1996ರ ಆಟದ ಪ್ರತಿಯೊಂದು 15 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಅದರ ಹೆಚ್ಚುಗಾರಿಕೆಯೆಂದರೆ ಯಾರೂ ಅದರ ಮೊಹರು ಒಡೆದಿರಲಿಲ್ಲ. ಅದು ಅಪ್ಪಟ ಅಸಲು, ಸಂಶಯವಿಲ್ಲ. ಆದರೆ ಆಡುವುದಕ್ಕಾಗಿ ಹುಟ್ಟಿದ ವಸ್ತು ಒಂದು ದಿನವೂ ಆಡಿಸಿಕೊಳ್ಳಲಿಲ್ಲ. ಕೊಂಡವನು ಒಮ್ಮೆ ಆಡಿಬಿಟ್ಟರೆ ಬೆಲೆ ಕುಸಿಯುತ್ತದೆ. ಬೆಲೆಗೂ ಪ್ರಯೋಜನಕ್ಕೂ ಇಷ್ಟು ವೈರ ಬಂದಮೇಲೆ, ಪೇಟೆಯ ಬೆಲೆಯನ್ನೇ ವಸ್ತುವಿನ ಯೋಗ್ಯತೆಯ ಅಳತೆಗೋಲೆಂದು ಒಪ್ಪುವುದು ಕಷ್ಟ.

ಆದರೆ ಇಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ನಾವು ನಮಗೆ ಅನುಕೂಲವಾದ ಅರ್ಧ ಸತ್ಯವನ್ನು ಮಾತ್ರ ಹೇಳಿದಂತೆ. ನಕಲು ಮಾಡಿದ್ದು ಪರರ ದುಡಿಮೆಯನ್ನು. ‘ಅಸಲು ಮಾರುವ ಅಂಗಡಿಯೇ ನಮ್ಮೂರಲ್ಲಿ ಇರಲಿಲ್ಲ, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ’ ಎಂಬ ವಾದ ಉಂಟು. ಮಗನಿಗೆಂದು ಹಬ್ಬಕ್ಕೆ ಡಬ್ಬಿ ತಂದ ತಂದೆಯ ಮಟ್ಟಿಗೆ ಈ ವಾದ ಸಾಕು. ಅವನಿಗೆ ಅಸಲು ನಕಲಿನ ಭೇದವೇ ಗೊತ್ತಿರಲಿಲ್ಲ. ಆದರೆ ಪರದೆಯ ಮೇಲಿನ ಹೆಸರನ್ನು ಅಳಿಸಿದವನಿಗೆ ಅದು ಸಾಲದು. ಅವನಿಗೆ ಎಲ್ಲವೂ ಗೊತ್ತಿತ್ತು.

ಹೆಸರು ಅಳಿಸುವುದರ ನೋವು ಎಂಥದೆಂಬುದನ್ನು ಈ ಆಟಗಳ ಚರಿತ್ರೆಯೇ ಹೇಳುತ್ತದೆ. ಅಟಾರಿ ಎಂಬ ಅಮೆರಿಕದ ಕಂಪನಿ ಆಟ ರಚಿಸಿದವರ ಹೆಸರನ್ನು ಹಾಕುತ್ತಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ವಾರೆನ್ ರಾಬಿನೆಟ್ ಎಂಬಾತ 1980ರಲ್ಲಿ ಹೊರಬಂದ ‘ಅಡ್ವೆಂಚರ್’ ಎಂಬ ತನ್ನ ಆಟದೊಳಗೆ, ಸುಲಭವಾಗಿ ಯಾರಿಗೂ ಸಿಕ್ಕದ ಒಂದು ಗುಪ್ತ ಕೋಣೆಯನ್ನು ಕಟ್ಟಿ ಅಲ್ಲಿ ತನ್ನ ಹೆಸರು ಬರೆದಿಟ್ಟ. ಆಡುವ ಮಕ್ಕಳು ಅದನ್ನು ಪತ್ತೆಹಚ್ಚುವ ಹೊತ್ತಿಗೆ ಆತ ಕಂಪನಿ ಬಿಟ್ಟಾಗಿತ್ತು. ಅಸಲು ಮಾಡಿದವರ ಮನೆಯಲ್ಲೂ ದುಡಿದವನ ಹೆಸರಿಗೆ ಜಾಗ ಸಿಕ್ಕಿರಲಿಲ್ಲವೆಂದಾಯಿತು.

ಹಾಗೆಂದು ನಕಲು ಮಾಡುವುದೆಲ್ಲ ಅಪರಾಧವೇ? ಕನ್ನಡಿಗರು ಹಾಗೆ ಹೇಳುವಂತಿಲ್ಲ. ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರಿಗೆ ಸಿಕ್ಕವು ಶರಣರ ಕೈಬರಹಗಳಲ್ಲ. ಪ್ರತಿಯಿಂದ ಪ್ರತಿಗೆ ಇಳಿದುಬಂದ ನಕಲುಗಳು. ಹೆಸರಿಲ್ಲದ ಲಿಪಿಕಾರರು ನಕಲು ಮಾಡದೆ ಇದ್ದಿದ್ದರೆ ವಚನಗಳು ನಮಗೆ ದಕ್ಕುತ್ತಿರಲಿಲ್ಲ. ಆದರೆ ಆ ಲಿಪಿಕಾರ ವಚನದೊಂದಿಗೆ ಅದರ ಅಂಕಿತವನ್ನೂ ಬರೆದಿಟ್ಟ. ಇದು ಯಾರ ಮಾತು ಎಂಬುದು ನಮಗೆ ತಿಳಿಯುವುದು ಅದರಿಂದಲೇ. ಅಂಕಿತ ಬದಲಿಸಿ ಅಚ್ಚುಹಾಕಿದ ಪುಸ್ತಕವೊಂದರ ವಿವಾದ 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಹೋದುದನ್ನು ಓದುಗರು ಬಲ್ಲರು. ವಚನಕ್ಕೂ ವಿಡಿಯೋ ಗೇಮಿಗೂ ಹೋಲಿಕೆಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ವಸ್ತುಗಳ ಘನತೆಯನ್ನು ನಾನು ಹೋಲಿಸುತ್ತಿಲ್ಲ. ನಕಲು ಮಾಡುವವನ ಧರ್ಮವನ್ನಷ್ಟೇ ಹೇಳುತ್ತಿದ್ದೇನೆ. ಮೂಲದವನ ಗುರುತನ್ನು ಉಳಿಸಿದವನು ಕಾಯ್ದುಕೊಟ್ಟವನಾಗುತ್ತಾನೆ, ಅಳಿಸಿದವನು ಕದ್ದವನಾಗುತ್ತಾನೆ.

ಹೀಗೆ ನೋಡಿದಾಗ ಮಹಾಗಾಂವದ ಆ ಮಗನ ಕರ್ತವ್ಯವೂ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ. ಅವನು ಡಬ್ಬಿಯನ್ನು ಎಸೆಯಬೇಕಾಗಿಲ್ಲ. ಹೊಸ ಚೀಟಿ ಅಂಟಿಸಿ ಅಸಲೆಂದು ಮಾರುವುದಂತೂ ಸಲ್ಲದು. ಮೊದಲು ಅದು ಕೆಲಸ ಮಾಡುವಂತೆ ನೋಡಿಕೊಳ್ಳಬೇಕು. ಚಿಕ್ಕಂದಿನಲ್ಲಿ ಎಲ್ಲರೂ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುತ್ತಿದ್ದೆವು. ಉಸಿರಿನ ತೇವದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ಲೇಸು. ಸಾಧ್ಯವಾದರೆ ಹಳೆಯ ದಪ್ಪ ಟಿ.ವಿ.ಯೊಂದನ್ನೂ ಉಳಿಸಿಕೊಳ್ಳಬೇಕು. ಬಾತುಕೋಳಿ ಹೊಡೆಯುವ ಆಟದಲ್ಲಿ ಕುದುರೆ ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ಮೂತಿಯೊಳಗಿನ ಕಣ್ಣು ಆ ಬೆಳಕನ್ನು ಹಿಡಿಯುತ್ತದೆ. ಈಗಿನ ತೆಳು ಟಿ.ವಿ.ಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಇದು ಬರಿಯ ವ್ಯಾಮೋಹದ ಮಾತಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87 ಆಟಗಳು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತಿಳಿಸಿತು. ಮಾಡಿದವರೇ ಕೈಬಿಟ್ಟದ್ದು ಎಷ್ಟೋ ಸಲ ಇಂಥ ಮನೆಗಳ ಟ್ರಂಕಿನಲ್ಲಿ ಉಳಿದಿರುತ್ತದೆ.

ಆಮೇಲೆ ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದು ಡಬ್ಬಿಯೊಳಗೆ ಇಡಬೇಕು: ಇದು ನಕಲು, ಇದರ ಮೂಲ ಫ್ಯಾಮಿಕಾಮ್, ರಚಿಸಿದವರು ಇಂಥವರು, ಒಳಗಿನ ಆಟಗಳ ನಿಜವಾದ ಹೆಸರು ಇವು, ಇದನ್ನು ಅಪ್ಪ ಇಂಥ ವರ್ಷ ತಂದರು, ನಾವು ಇಷ್ಟು ಜನ ಮಹಾಗಾಂವದಲ್ಲಿ ಆಡಿದೆವು. ಅಳಿಸಿಹೋದ ಹೆಸರು ಅಷ್ಟರಮಟ್ಟಿಗೆ ಮತ್ತೆ ಜಾಗಕ್ಕೆ ಬರುತ್ತದೆ. ಆಡಿದವರ ಹೆಸರೂ ಅದರ ಪಕ್ಕದಲ್ಲಿ ನಿಲ್ಲುತ್ತದೆ. ನಾಳೆ ಮಗಳು ಆ ಡಬ್ಬಿಯನ್ನು ಕೈಗೆತ್ತಿಕೊಂಡು “ಅಪ್ಪಾ, ಇದು ಒರಿಜಿನಲ್ ಏನು?” ಎಂದು ಕೇಳಿದರೆ, “ಅಲ್ಲವ್ವಾ” ಎಂದು ಹೇಳುವುದಕ್ಕೆ ಅವನು ನಾಚಬೇಕಾಗುವುದಿಲ್ಲ.